ಪೂಜೆಗೆ ಕೂತ ನನ್ನ ಕಾಲುಗಳು

ನಮ್ಮ ಮನೆಯಲ್ಲಿ ನಾಲ್ಕು ಕಾಲಿನವು ಎರಡು ಪಂಗಡ. ಹಸು, ಕರು, ನಾಯಿ, ಬೆಕ್ಕು ಒಂದು ಪಂಗಡ. ಇವು ಕರೆದಾಗ ಬಾರದಿದ್ದರೂ ಕರೆಯದಿದ್ದಾಗ ಖಂಡಿತ ಬರುತ್ತವೆ. ಮಂಚ, ಮೇಜು, ಕುರ್ಚಿ, ಸ್ಟೂಲು ಇನ್ನೊಂದು ಪಂಗಡ. ಬಡಗಿ ಕಾಲು ಕೊಟ್ಟರೂ ನಡೆಯುವ ಯೋಗ ಕೊಡದೆ ಇದ್ದದ್ದರಿಂದ ಇವು ಇಟ್ಟಲ್ಲೇ ಇದ್ದುಕೊಂಡು, ಮೈಮೇಲೆ ಹಾಕಿದ ಒದ್ದೆ ಟವಲನ್ನೂ ಹಳೆಯ ಪೇಪರನ್ನೂ ಸುಲಿದ ಬೆಳ್ಳುಳ್ಳಿಯ ತಟ್ಟೆಯನ್ನೂ ಮಾತಿಲ್ಲದೆ ಹೊತ್ತುಕೊಳ್ಳುತ್ತವೆ. ನನ್ನ ವಾಕರ್ ಬಂದ ದಿನದಿಂದ ಅದನ್ನು ಯಾವ ಪಂಗಡಕ್ಕೆ ಸೇರಿಸಬೇಕು ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಸೊಂಟದೆತ್ತರದ, ನಾಲ್ಕು ಕಾಲಿನ, ಅಲ್ಯೂಮಿನಿಯಮ್ಮಿನ ಒಂದು ಕಟ್ಟು ಅದು. ಎತ್ತಿ ಮುಂದಿಡಬೇಕು, ಹಿಡಿಗಳ ಮೇಲೆ ಭಾರ ಹಾಕಬೇಕು, ಆಮೇಲೆ ಕಾಲು ಎತ್ತಿಡಬೇಕು. ನಾನು ನಡೆದರೆ ಮಾತ್ರ ಅದು ನಡೆಯುತ್ತದೆ. ಅದು ನಡೆದರೆ ಮಾತ್ರ ನಾನು ನಡೆಯುತ್ತೇನೆ. ಇಬ್ಬರೂ ನಿಂತೆವೆಂದರೆ ನಮ್ಮ ಮನೆಯವರು ಮೊದಲು ಅದರ ಮೇಲೆ ಒಂದು ಟವಲು ಹರವುತ್ತಾರೆ.

ಸುಮಾ, ಮಂಜು, ನೀವಿಬ್ಬರೂ ಈಗ ಬೆಳೆದಿದ್ದೀರಿ. ಹಾಸನದ ಹಾಸ್ಟೆಲಿನಿಂದ ರಜಕ್ಕೆ ಬಂದಾಗೆಲ್ಲ ಆ ಆಯುಧಪೂಜೆಯ ಕತೆ ತೆಗೆದು, ‘ಅಜ್ಜಿ ಹೆಂಗೆ ಕೂಗಿದ್ಲು ನೆನಪೈತಾ’ ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತೀರಿ. ನಾನೂ ನಗುತ್ತೇನೆ. ಆದರೆ ನೀವು ಅಂಗಳದಲ್ಲಿ ನಿಂತು ನೋಡಿದವರು, ನಾನು ಕೋಣೆಯ ಒಳಗೆ ಇದ್ದವಳು. ಒಂದೇ ದಿನ ಅಂಗಳದಲ್ಲಿ ಒಂದು ಥರ, ಕೋಣೆಯಲ್ಲಿ ಇನ್ನೊಂದು ಥರ ಇರುತ್ತದೆ. ಕೋಣೆಯ ಕಡೆಯದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆದರೆ ನನ್ನ ಮುಖ ಯಾರೂ ನೋಡುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾಚಿಕೆ ನನಗೆ ಹುಟ್ಟಿನಿಂದ ಬಂದದ್ದು. ಪಾಳ್ಯದ ಸ್ಕೂಲಿನಲ್ಲಿ ಓದುವಾಗ ಇನ್‌ಸ್ಪೆಕ್ಟರು ಬಂದು ಪದ್ಯ ಕೇಳಿದರೆ, ಪೂರ್ತಿ ಬಾಯಿಪಾಠವಿದ್ದರೂ ಪಕ್ಕದವಳ ಬೆನ್ನಿಗೆ ಮುಖ ಒತ್ತಿಕೊಂಡು ಕೂತಿರುತ್ತಿದ್ದೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಮಾವನವರ ಎದುರು ನಿಂತವಳಲ್ಲ, ನಿಮ್ಮ ತಾತನನ್ನು ಅಂಗಳದಿಂದ ಕೂಗಿ ಕರೆದವಳಲ್ಲ. ಅವರು ತೋಟದಲ್ಲಿದ್ದರೆ ಊಟಕ್ಕೆ ಕರೆಯಲು ಹಿತ್ತಲ ಬೇಲಿಯ ತನಕ ನಡೆದುಹೋಗಿ, ಅವರು ತಿರುಗಿ ನೋಡುವವರೆಗೂ ಬಳೆ ಸದ್ದು ಮಾಡುತ್ತ ನಿಲ್ಲುತ್ತಿದ್ದೆ. ಅವರು ತೀರಿಕೊಂಡ ಮೇಲೆ ಬಳೆಯೂ ಇಲ್ಲ, ಕರೆಯಬೇಕಾದವರೂ ಇಲ್ಲ. ಇದ್ದಷ್ಟು ಮಾತೂ ಒಳಗೆ ಸರಿಯಿತು. ಇಂಥವಳಿಗೆ, ‘ನನಗೆ ಬಚ್ಚಲಿಗೆ ಹೋಗಬೇಕು’ ಎಂದು ದಿನಕ್ಕೆ ಹಲವು ಸಲ ಇನ್ನೊಬ್ಬರಿಗೆ ಹೇಳುವ ಗತಿ ಬಂದರೆ ಹೇಗಿರಬಹುದು, ನೀವೇ ಯೋಚಿಸಿ. ಬಚ್ಚಲು ಅಂದರೆ ಅದರ ಪಕ್ಕದ ಕೋಣೆಯೂ ಸೇರಿತು ಎಂದು ತಿಳಿದುಕೊಳ್ಳಿ. ಬರೆಯುವಾಗಲೂ ನಾಚಿಕೆ ಪೂರ್ತಿ ಬಿಡುವುದಿಲ್ಲ.

ನಾನು ಬಿದ್ದದ್ದು ಕಾಫಿ ಕಣದಲ್ಲಿ. ಮಧ್ಯಾಹ್ನದ ಬಿಸಿಲಿಗೆ ಹರವಿದ್ದ ಹಣ್ಣನ್ನು ಕಾಲಲ್ಲಿ ಗೆರೆ ಎಳೆದು ಮಗುಚುತ್ತಿದ್ದೆ. ಜೀವಮಾನವೆಲ್ಲ ಮಾಡಿದ ಕೆಲಸ. ಅವತ್ತು ಅಷ್ಟು ಹಣ್ಣಿನಲ್ಲಿ ಯಾವುದೋ ನಾಲ್ಕು ಕಾಳು ನನ್ನ ಹಿಮ್ಮಡಿಯ ಕೆಳಗೆ ಉರುಳಿ, ನನ್ನನ್ನೇ ಮಗುಚಿ ಹಾಕಿದವು. ಹಾಸನದ ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ರಾಡು ಹಾಕಿದರು. ಅಲ್ಲಿ ವ್ಯಾಯಾಮ ಹೇಳಿಕೊಡುವ ಒಬ್ಬ ಹುಡುಗಿ ಇದ್ದಳು. ಅವಳು ಈ ವಾಕರನ್ನು ನನ್ನ ಮುಂದೆ ನಿಲ್ಲಿಸಿ, ‘ಅಜ್ಜಿ, ದಿನಾ ನಡೀಬೇಕು. ನಡೀದೆ ಹೋದ್ರೆ ಮಂಚ ನಿಮ್ಮನ್ನ ಹಿಡ್ಕೊಂಡ್ಬಿಡುತ್ತೆ, ಆಮೇಲೆ ಬಿಡೋದಿಲ್ಲ’ ಎಂದಳು. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು ಎಂದೂ ಹೇಳಿದಳು. ನೆಲದ ಮೇಲೆ ಕೂರದೆ ನಮ್ಮ ಕಡೆಯ ಹೆಂಗಸು ಮಾಡುವ ಕೆಲಸ ಯಾವುದಿದೆ ಎಂದು ಅವಳನ್ನು ಕೇಳಬೇಕೆನ್ನಿಸಿತು, ಕೇಳಲಿಲ್ಲ.

ಮನೆಗೆ ಬಂದ ಮೇಲೆ ನನ್ನನ್ನು ಎಲ್ಲರೂ ಬಹಳ ಚೆನ್ನಾಗಿ ನೋಡಿಕೊಂಡರು. ಇದನ್ನು ಮೊದಲು ಬರೆಯಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ದೂರಿನ ಹಾಗೆ ಕಾಣುತ್ತದೆ. ನಿಮ್ಮಮ್ಮ ನನ್ನ ತಲೆ ಬಾಚಿದಳು, ಉಗುರು ತೆಗೆದಳು, ತಟ್ಟೆ ತಂದಳು, ತಟ್ಟೆ ತೆಗೆದಳು. ನಿಮ್ಮಪ್ಪ ದಿನಾ ತೋಟದಿಂದ ಬಂದವನೇ ಬಾಗಿಲಲ್ಲಿ ಇಣುಕಿ, ‘ಅವ್ವ ಊಟ ಮಾಡಿದ್ಲಾ?’ ಎಂದು ಕೇಳುತ್ತಿದ್ದ. ಕೇಳುತ್ತಿದ್ದದ್ದು ನಿಮ್ಮಮ್ಮನನ್ನು. ನಾನು ಅವರಿಬ್ಬರ ನಡುವೆ ಮಂಚದ ಮೇಲೆ ಕೂತಿರುತ್ತಿದ್ದೆ. ನೋಡಲು ಬಂದ ನೆಂಟರೂ ಅಷ್ಟೇ, ‘ಅವ್ರು ಸಕ್ಕರೆ ಹಾಕ್ಕೊಂತಾರಾ? ಅವ್ರಿಗೆ ರಾತ್ರಿ ನಿದ್ದೆ ಬತ್ತದಾ?’ ಎಂದು ನನ್ನ ತಲೆಯ ಮೇಲಿನಿಂದ ವಿಚಾರಿಸಿ, ಒಂದು ಡಜನ್ ಬಾಳೆಹಣ್ಣು ಇಟ್ಟು ಎದ್ದು ಹೋಗುತ್ತಿದ್ದರು. ಬಿದ್ದದ್ದು ಸೊಂಟ, ಹೋದದ್ದು ಮಾತು. ಮನೆಯ ತುಂಬ ಜನವಿದ್ದರು, ನನಗೆ ಒಂದು ಕೊರತೆಯೂ ಇರಲಿಲ್ಲ, ಮಧ್ಯಾಹ್ನದ ಹೊತ್ತು ಮಾಡಿನ ಹೆಂಚು ನೋಡುತ್ತ ಮಲಗಿದ್ದಾಗ ಅಳು ಯಾಕೆ ಬರುತ್ತದೆ ಎಂಬುದಕ್ಕೆ ನನ್ನಲ್ಲಿ ಕಾರಣವೂ ಇರಲಿಲ್ಲ.

ಆ ಹೊತ್ತಿಗೆ ನನ್ನ ಆಸೆಗಳೆಲ್ಲ ಕುಗ್ಗುತ್ತ ಬಂದು ಒಂದೇ ಒಂದು ಉಳಿದಿತ್ತು. ಬೇಕಾದಾಗ, ಯಾರಿಗೂ ಹೇಳದೆ, ನನ್ನಷ್ಟಕ್ಕೆ ನಾನೇ ಬಚ್ಚಲಿಗೆ ಹೋಗಿಬರಬೇಕು. ಕಾಶಿಗೆ ಹೋಗುವ ಆಸೆಯವರನ್ನು ಕಂಡಿದ್ದೆ. ಹಿತ್ತಲಿಗೆ ಹೋಗುವ ಆಸೆ ಇಷ್ಟು ದೊಡ್ಡದಾಗಿರಬಹುದು ಎಂದು ಗೊತ್ತಿರಲಿಲ್ಲ.

ಅದಕ್ಕೆ ಒಂದು ಗಂಡಾಂತರವೂ ಇತ್ತು. ನಾನು ವಾಕರ್ ಹಿಡಿಯಲು ಕಲಿಯುತ್ತಿದ್ದ ಹೊಸದರಲ್ಲಿ ಒಂದು ದಿನ, ಕೂಗಲು ನಾಚಿಕೊಂಡು ತಡೆದು ತಡೆದು, ಹಾಸಿಗೆ ಒದ್ದೆಯಾಯಿತು. ನಿಮ್ಮಮ್ಮ ಬೈಯಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಹಾಸಿಗೆ ಬದಲಾಯಿಸಿ, ಆಲೂರಿನಿಂದ ಪ್ಲಾಸ್ಟಿಕ್ ಹಾಳೆಯನ್ನೂ, ಅಡಿಯಲ್ಲಿ ಪಾತ್ರೆ ಇಡುವಂಥ ಒಂದು ಕುರ್ಚಿಯನ್ನೂ ತರಿಸಿ ಮೂಲೆಯಲ್ಲಿಟ್ಟು, ಮೇಲೆ ಟವಲು ಮುಚ್ಚಿದಳು. ‘ಇನ್ನೊಂದ್ಸಲ ಹಿಂಗಾದ್ರೆ ಬಚ್ಚಲಿಗೆ ಹೋಗೋ ಕಷ್ಟನೇ ಬ್ಯಾಡ ಅತ್ತೆ, ಎಲ್ಲಾ ಇಲ್ಲೇ ಆಗೋಗ್ಲಿ. ನಾನ್ ನೋಡ್ಕಂತೀನಿ’ ಎಂದಳು. ಅಷ್ಟು ಪ್ರೀತಿಯಿಂದ ಹೇಳಿದ ಮಾತಿಗೆ ನಾನು ಅಷ್ಟು ಹೆದರಿದ್ದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆ ಕುರ್ಚಿಯ ಮೇಲೆ ಒಮ್ಮೆ ಕೂತರೆ ಬಾಗಿಲಿನಿಂದಾಚೆಗೆ ನನಗೆ ಯಾವ ಕೆಲಸವೂ ಉಳಿಯುವುದಿಲ್ಲ, ಮಂಚ ಹಿಡಿದುಕೊಂಡುಬಿಡುತ್ತದೆ. ಮುಚ್ಚಿದ ಟವಲಿನ ಕೆಳಗೆ ಅದು ನನಗಾಗಿ ಕಾಯುತ್ತಿದೆ ಎನ್ನಿಸುತ್ತಿತ್ತು.

ಹಾಗಾಗಿ ಕಲಿತೆ. ನಿಮ್ಮಪ್ಪನ ಸಹಾಯವೂ ಇತ್ತು. ಹಿಂಬಾಗಿಲ ಮೆಟ್ಟಿಲು ಒಡೆಸಿ ಸಿಮೆಂಟಿನ ಇಳಿಜಾರು ಮಾಡಿಸಿದ. ಕುಕ್ಕರಗಾಲು ಆಗದ್ದಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ, ಕುಡುಗೋಲು ಕಾಸಿ, ದುಂಡಗೆ ತೂತು ಕೊರೆದ. ಮೊದಲ ಕುರ್ಚಿಯಲ್ಲಿ ತೂತು ತೀರ ಮುಂದಕ್ಕೆ ಬಂದು, ಅದು ಈಗ ಕೋಳಿಮರಿ ಮುಚ್ಚಲು ಬರುತ್ತದೆ. ಉಳಿದದ್ದು ನನ್ನ ಯುಕ್ತಿ. ಎರಡು ಕೈಯೂ ವಾಕರಿನ ಮೇಲಿದ್ದರೆ ಸಾಮಾನು ಹಿಡಿಯುವುದು ಹೇಗೆ? ಕಾಫಿ ಕೊಯ್ಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯ ಚೀಲವನ್ನು ವಾಕರಿನ ಮುಂದಿನ ಅಡ್ಡಪಟ್ಟಿಗೆ ಕಟ್ಟಿದೆ. ಟವಲು, ಸೋಪು, ಬ್ಯಾಟರಿ, ಎಲೆಅಡಿಕೆ ಎಲ್ಲಕ್ಕೂ ಅದೇ. ಎತ್ತರದ ಕೊಂಬೆ ಬಗ್ಗಿಸುವ ಕೊಕ್ಕೆಕೋಲು ಮಂಚದ ಪಕ್ಕ ನಿಂತಿತು. ಹಗ್ಗದ ಮೇಲಿನ ಸೀರೆ ಎಳೆಯುವುದು, ಕಿಟಕಿ ಹಾಕುವುದು, ಫ್ಯಾನಿನ ಸ್ವಿಚ್ಚು ಒತ್ತುವುದು, ಅಡ್ಡ ಬಂದ ಬೆಕ್ಕನ್ನು ಸರಿಸುವುದು ಎಲ್ಲವೂ ಅದರಿಂದ. ತೋಟದಲ್ಲಿ ಇಷ್ಟು ವರ್ಷ ಆ ಕೋಲು ಹಿಡಿದು ನಾನು ಇದಕ್ಕೇ ಅಭ್ಯಾಸ ಮಾಡುತ್ತಿದ್ದೆನೇನೋ.

ಪಕ್ಕದ ಮನೆಯ ಪುಟ್ಟತಾಯಮ್ಮ ನಿಮಗೆ ಗೊತ್ತಲ್ಲ. ನನ್ನ ಓರಗೆಯವಳು, ಬಿಸಿಲೆ ಕಡೆಯಿಂದ ಮದುವೆಯಾಗಿ ಬಂದವಳು, ನನಗೆ ಬಾರದ ಮಾತನ್ನೆಲ್ಲ ನನ್ನ ಪಾಲಿಗೂ ಸೇರಿಸಿ ಆಡುವವಳು. ನಾನು ವಾಕರಿನೊಡನೆ ಹಿತ್ತಲಿಗೆ ಹೊರಟದ್ದನ್ನು ಬೇಲಿಯಾಚೆಯಿಂದ ನೋಡಿ, ‘ಏನವ್ವ, ಹೊಸ ಸಂಗಾತಿ ಸಿಕ್ಕವ್ನೆ! ಎಲ್ಲೋದ್ರೂ ಕೈ ಬಿಡಂಗೇ ಇಲ್ಲ ಕಣೆ ಅವ್ನು’ ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆದರೆ ಬಿದ್ದ ಮೇಲೆ ನನ್ನನ್ನು ಒಬ್ಬರು ಚುಡಾಯಿಸಿದ್ದು ಅದೇ ಮೊದಲು. ಕಾಯಿಲೆಯವರನ್ನು ಯಾರೂ ಚುಡಾಯಿಸುವುದಿಲ್ಲ. ಅದಕ್ಕೇ ಕಾಯಿಲೆ ಅಷ್ಟು ಉದ್ದವಾಗುವುದು.

ಇಷ್ಟರಲ್ಲಿ ಆಯುಧಪೂಜೆ ಬಂತು. ಮಳೆ ಕಳೆದು ಬಿಸಿಲು ಬಿದ್ದಿತ್ತು. ನಿಮಗೆ ದಸರಾ ರಜ. ನಿಮ್ಮಪ್ಪ ಬೆಳಿಗ್ಗೆಯೇ ಟಿಲ್ಲರನ್ನು ಅಂಗಳಕ್ಕೆ ತಂದು ನಲ್ಲಿಯ ಪೈಪು ಹಿಡಿದಿದ್ದ. ಗುದ್ದಲಿ, ಹಾರೆ, ಕತ್ತಿ, ಕುಡುಗೋಲು, ಔಷಧಿ ಹೊಡೆಯುವ ಪಂಪು ಎಲ್ಲ ಸಾಲಾಗಿ ಸ್ನಾನಕ್ಕೆ ನಿಂತಿದ್ದವು. ನನ್ನ ಸ್ನಾನವೂ ಆಗಿ, ನಿಮ್ಮಮ್ಮ ಮಂಚದ ಮೇಲೆ ಕೂರಿಸಿದಳು. ಆಗ ಸುಮಾ, ನೀನು ಓಡಿಬಂದು, ‘ಅಜ್ಜಿ, ವಾಕರ್ ಕೆಸರಾಗೈತೆ, ತೊಳ್ಕೊಂಡ್ ಬತ್ತೀನಿ’ ಎಂದು ಎತ್ತಿಕೊಂಡು ಹೋದೆ. ಬರುತ್ತದಲ್ಲ ಎಂದು ನಾನು ಸುಮ್ಮನಿದ್ದೆ.

ಬರಲಿಲ್ಲ. ಅಂಗಳದಲ್ಲಿ ಬಾಳೆಕಂದು ಕಟ್ಟುವ ಸದ್ದು, ಪುಟ್ಟತಾಯಮ್ಮನ ನಗು, ಕೆಲಸದವರ ಮಾತು. ಕಿಟಕಿಯಿಂದ ಕತ್ತು ಉದ್ದ ಮಾಡಿ ನೋಡಿದರೆ ಆಯುಧಗಳ ಸಾಲಿನಲ್ಲಿ, ಪಂಪಿಗೂ ಗುದ್ದಲಿಗೂ ನಡುವೆ, ನನ್ನ ವಾಕರ್ ನಿಂತಿದೆ. ನಾಲ್ಕೂ ಕಾಲಿಗೆ ವಿಭೂತಿಯ ಪಟ್ಟೆ, ಎರಡೂ ಹಿಡಿಗೆ ಕುಂಕುಮ, ಮೈತುಂಬ ಚೆಂಡುಹೂವಿನ ಹಾರ. ಟಿಲ್ಲರಿಗೂ ಅಷ್ಟು ಹೂವು ಹಾಕಿರಲಿಲ್ಲ. ಕಣ್ಣು ತುಂಬಿ ಬಂತು, ಸುಳ್ಳಲ್ಲ. ಈ ಮನೆಯಲ್ಲಿ ನನ್ನ ನಡಿಗೆಯನ್ನೂ ಒಂದು ಕೆಲಸ ಎಂದು ಲೆಕ್ಕಕ್ಕೆ ತೆಗೆದುಕೊಂಡಿದ್ದಾರಲ್ಲ ಎನ್ನಿಸಿತು. ಕಬ್ಬಿಣವಿದ್ದದ್ದಕ್ಕೆಲ್ಲ ಪೂಜೆಯಾದರೆ ನನ್ನ ಸೊಂಟದ ರಾಡಿಗೂ ಒಂದು ಹೂವು ಸಲ್ಲಬೇಕು ಎಂದು ಒಬ್ಬಳೇ ನಕ್ಕೆ.

ನಗು ಮುಗಿಯುವ ಹೊತ್ತಿಗೆ ಎರಡು ಸಂಗತಿಗಳು ಒಟ್ಟಿಗೆ ಹೊಳೆದವು. ಒಂದು, ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಹೂವು ತೆಗೆದ ಮೇಲೆಯೇ ಕೈಗೆ ಬರುವುದು. ಕತ್ತಿ ಕುಡುಗೋಲಿಗೂ ವರ್ಷಕ್ಕೊಂದು ದಿನ ವಿಶ್ರಾಂತಿ ಬೇಡವೇ ಎಂದು ಹಿರಿಯರು ಮಾಡಿದ್ದು, ಚಂದದ ಪದ್ಧತಿ. ಇನ್ನೊಂದು, ನನಗೆ ಬಚ್ಚಲಿಗೆ ಹೋಗಬೇಕಿತ್ತು.

ಮೊದಲು ಮೆಲ್ಲಗೆ ಕರೆದೆ. ಆಮೇಲೆ ಸ್ವಲ್ಪ ಗಟ್ಟಿಯಾಗಿ. ಅಷ್ಟರಲ್ಲಿ ಜಾಗಟೆ ಶುರುವಾಯಿತು; ಮಂಜು, ಬಾರಿಸುತ್ತಿದ್ದವನು ನೀನೇ. ದೇವರು ಪಕ್ಕದ ಊರಿನಲ್ಲಿದ್ದಾನೆ ಎನ್ನುವ ಹಾಗೆ ಬಾರಿಸುತ್ತಿದ್ದೆ. ನನ್ನ ದನಿ ಬಾಗಿಲನ್ನೂ ದಾಟಲಿಲ್ಲ. ಮೂಲೆಯ ಕುರ್ಚಿ ಟವಲು ಹೊದ್ದುಕೊಂಡು ನನ್ನನ್ನೇ ನೋಡುತ್ತಿತ್ತು. ಅದು ದೂರವೂ ಇರಲಿಲ್ಲ. ಮಂಚದ ಅಂಚು ಹಿಡಿದು ಸರಿದರೆ ಕೈಗೆ ಸಿಗುತ್ತಿತ್ತು. ಕೂತರೆ ಕಷ್ಟ ತೀರುತ್ತಿತ್ತು, ಯಾರಿಗೂ ತೊಂದರೆಯಿರಲಿಲ್ಲ, ಪೂಜೆಯೂ ಕೆಡುತ್ತಿರಲಿಲ್ಲ. ಆದರೆ ನಾಳೆಯಿಂದ ‘ಅತ್ತೆ ಒಪ್ಪಿಕೊಂಡರು’ ಎಂದಾಗುತ್ತಿತ್ತು. ಒಪ್ಪಿಕೊಂಡ ಮೇಲೆ ಕೇಳುವವರು ಯಾರು?

ಕಿಟಕಿಯ ಪಕ್ಕ ನಿಮ್ಮಪ್ಪ ಓದುವಾಗ ಕೂರುತ್ತಿದ್ದ ಹಳೆಯ ಮರದ ಕುರ್ಚಿ ಇತ್ತು. ಕೊಕ್ಕೆಕೋಲು ಅದರ ಬೆನ್ನಿಗೆ ಹಾಕಿ ಎಳೆದೆ. ಬೀಟೆಯ ಕುರ್ಚಿ, ಹಟಮಾರಿ ಎಮ್ಮೆಯ ಹಾಗೆ ಗೊರಗೊರ ಎನ್ನುತ್ತ ಬಂತು. ಅದರ ಬೆನ್ನು ಹಿಡಿದು ಎದ್ದು ನಿಂತೆ. ಕುರ್ಚಿ ದೂಡಿಕೊಂಡು ಹಿತ್ತಲ ಇಳಿಜಾರು ಇಳಿಯಲಾಗದು, ಹಾಗಾಗಿ ವಾಕರ್ ಇದ್ದ ಅಂಗಳದ ಕಡೆಗೇ ತಿರುಗಿದೆ. ದೂಡಿದೆ. ಅದು ಸ್ವಲ್ಪ ಸರಿಯಿತು, ನಾನೂ ಸ್ವಲ್ಪ ಸರಿದೆ. ಜಾರಿದರೆ ಏನಾಗುತ್ತದೆ ಎಂದು ಗೊತ್ತಿತ್ತು. ಆದರೂ ದೂಡಿದೆ. ನಡುಮನೆ ದಾಟಿ ಹೆಬ್ಬಾಗಿಲಿನ ಹೊಸ್ತಿಲ ತನಕ ಬಂದೆ. ಅಲ್ಲಿಗೆ ಮುಗಿಯಿತು. ನಮ್ಮ ಹೊಸ್ತಿಲು ಎಷ್ಟು ಎತ್ತರವೆಂದು ನಿಮಗೆ ಗೊತ್ತು. ಅವತ್ತು ಅದರ ಮೇಲೆ ಅರಿಸಿನ, ಕುಂಕುಮ, ರಂಗೋಲಿ, ಹೂವು. ಕುರ್ಚಿ ಹತ್ತದು, ನಾನು ತುಳಿಯಲಾರೆ.

ಅಂಗಳದಲ್ಲಿ ಅಷ್ಟು ಜನ. ಗಂಡಸರು, ಕೆಲಸದವರು, ನೆರೆಯವರು. ಎಲ್ಲರ ಬೆನ್ನು ನನ್ನ ಕಡೆಗೆ. ನಿಮ್ಮಪ್ಪ ಮಂಗಳಾರತಿ ಎತ್ತಿದ್ದ. ನಾನು ಬಾಗಿಲುವಾಡ ಹಿಡಿದುಕೊಂಡು, ಆ ವಯಸ್ಸಿನ ತನಕ ಒಳಗೆ ಕೂಡಿಟ್ಟ ದನಿಯನ್ನೆಲ್ಲ ಒಂದೇ ಸಲ ಖರ್ಚು ಮಾಡಿದೆ.

‘ನನ್ ಕಾಲು ಕೊಡ್ರೋ!’

ಜಾಗಟೆ ನಿಂತಿತು. ಎಲ್ಲರೂ ತಿರುಗಿದರು. ನಿಮ್ಮಪ್ಪನ ಕೈಯಲ್ಲಿ ಆರತಿ ಹಾಗೇ ಇತ್ತು.

‘ಏನವ್ವ, ಏನಾಯ್ತು? ಯಾಕೆದ್ ಬಂದೆ?’

‘ಬಚ್ಚಲಿಗೆ ಹೋಗ್ಬೇಕು ಕಣೋ. ಅದನ್ನ ಕೊಡು ಇಲ್ಲಿ.’

ಅಷ್ಟು ಗಂಡಸರ ಎದುರು ಆ ಮಾತು ಹೇಳಿದೆನಲ್ಲ, ಹೇಳಿದ್ದು ನಾನೇ ಎಂದು ನನಗೇ ನಂಬಿಕೆಯಿರಲಿಲ್ಲ. ನಿಮ್ಮಮ್ಮ ಓಡಿಬಂದು ತೋಳು ಹಿಡಿದಳು. ‘ಅಯ್ಯೋ ಅತ್ತೆ, ನಾನ್ ಎತ್ಕೊಂಡೋಗ್ತೀನಿ ಬನ್ನಿ. ಇಲ್ಲಾಂದ್ರೆ ಒಳಗೇ ಕುರ್ಚಿ ಐತಲ್ಲ...’

‘ನೀನ್ ಬ್ಯಾಡ, ಕುರ್ಚಿನೂ ಬ್ಯಾಡ. ಅದು ಬೇಕು.’

ನಿಮ್ಮಪ್ಪ ವಾಕರಿನ ಕಡೆ ನೋಡಿದ, ದೇವರ ಪಟದ ಕಡೆ ನೋಡಿದ. ‘ಪೂಜೆ ಆಗ್ಬುಟ್ಟೈತಲ್ಲವ್ವ. ನಾಳೆ ಗಂಟ ಮುಟ್ಟಂಗಿಲ್ಲ ಕಣವ್ವ.’

‘ಹಂಗಾದ್ರೆ ನಿನ್ ಕಾಲೆರಡೂ ಬಿಚ್ಚಿ ಅಲ್ಲಿಡು, ನಾಳೆ ಬೆಳಿಗ್ಗೆ ತಗಳೀವಂತೆ!’

ಮೊದಲು ನಕ್ಕವಳು ಪುಟ್ಟತಾಯಮ್ಮ. ‘ಕೊಡೋ ಮಾರಾಯ, ಬೇಗ ಕೊಡು! ಇಲ್ದಿದ್ರೆ ನಿಮ್ಮವ್ವ ಟಿಲ್ಲರ್ ಹತ್ಕಂಡು ಬಚ್ಚಲಿಗೆ ಹೊಯ್ತಳೆ!’

ಆಮೇಲೆ ಎಲ್ಲರೂ ನಕ್ಕರು. ನಿಮ್ಮಮ್ಮ ಮಾತ್ರ ನಗದೆ ಹೋಗಿ, ಹಾರವನ್ನೂ ತೆಗೆಯದೆ, ವಾಕರನ್ನು ಎತ್ತಿ ಹೊಸ್ತಿಲು ದಾಟಿಸಿ ನನ್ನ ಮುಂದೆ ಇಟ್ಟಳು. ಹಿಡಿದೆ. ತಿರುಗಿದೆ. ಚೆಂಡುಹೂವು ಉದುರಿಸುತ್ತ ನಡುಮನೆ, ಅಡುಗೆಮನೆ ದಾಟಿ, ಇಳಿಜಾರು ಇಳಿದು ಹೋದೆ. ಹೊತ್ತಿಗೆ ಸರಿಯಾಗಿ ತಲುಪಿದೆ ಎಂದಷ್ಟು ಬರೆದರೆ ಸಾಕು.

ಬಚ್ಚಲಿನಲ್ಲಿ ಕೈ ತೊಳೆಯಲು ಹೋದಾಗ ನೋಡಿದೆ, ಎರಡೂ ಅಂಗೈ ಕೆಂಪಗಾಗಿದ್ದವು. ಹಿಡಿಗೆ ಹಚ್ಚಿದ್ದ ಕುಂಕುಮ. ನಿಮ್ಮ ತಾತ ಹೋದ ಮೇಲೆ ಕುಂಕುಮ ನನ್ನ ಮೈಗೆ ತಾಗಿದ್ದು ಅದೇ ಮೊದಲು. ನಲ್ಲಿ ತಿರುಗಿಸಿದ್ದೆ, ನೀರು ಸುಮ್ಮನೆ ಹರಿಯುತ್ತಿತ್ತು. ಒಳಗಿನಿಂದ ಚಿಲಕ ಹಾಕಿತ್ತು. ಯಾರೂ ನೋಡುವವರಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೈ ನೋಡುತ್ತ ನಿಂತು, ಆಮೇಲೆ ತೊಳೆದುಕೊಂಡೆ.

ಸಂಜೆ ನಿಮ್ಮಪ್ಪ ಬಂದು ಮಂಚದ ತುದಿಯಲ್ಲಿ ಕೂತ. ‘ಯಾಕವ್ವ ಮೊದ್ಲೇ ಕೂಗ್ನಿಲ್ಲ?’ ಎಂದ.

‘ಕೂಗ್ದೆ ಕಣೋ. ನಿಮ್ ಜಾಗಟೆಲಿ ದೇವ್ರಿಗೇ ಕೇಳ್ತೋ ಇಲ್ವೋ, ನಂದೆಲ್ಲಿ ಕೇಳ್ಬೇಕು?’

‘ಒಳ್ಳೇದಕ್ಕೇ ಇಟ್ಟಿದ್ದು ಕಣವ್ವ.’

‘ಗೊತ್ತು. ಕೇಳಿ ಇಡ್ಬೇಕಾಗಿತ್ತು.’

ಅವನು ಎದ್ದ. ಹೋಗುವಾಗ ಬಾಗಿಲ ಹತ್ತಿರ ನಿಂತು, ‘ಅವ್ವ, ಊಟ ಮಾಡ್ದಾ?’ ಎಂದ. ನನ್ನನ್ನು ಕೇಳಿದ.

ಅವತ್ತಿನಿಂದ ಎಲ್ಲವೂ ನಾನೇ ಮಾಡಿಕೊಂಡೆ ಎಂದು ತಿಳಿಯಬೇಡಿ. ಬೆನ್ನು ಉಜ್ಜಲು ಇವತ್ತಿಗೂ ನಿಮ್ಮಮ್ಮನ ಕೈ ಬೇಕು. ಹಂಡೆಯ ನೀರು ತೋಡಿಕೊಳ್ಳಲು ನನ್ನಿಂದ ಆಗದು. ಆದರೆ ನೀರು ಎಷ್ಟು ಬಿಸಿ ಇರಬೇಕು, ಸ್ನಾನ ಬೆಳಿಗ್ಗೆಯೋ ಮಧ್ಯಾಹ್ನವೋ, ತಲೆಗೆ ಎಣ್ಣೆ ಇವತ್ತೋ ನಾಡಿದ್ದೋ, ಯಾವ ಕಾಲು ಮೊದಲು ಎತ್ತಿಡಬೇಕು, ಬಾಗಿಲು ತೆಗೆಯುವ ಮುಂಚೆ ಟವಲು ಎಲ್ಲಿಗೆ ಬರಬೇಕು ಎಂಬುದನ್ನೆಲ್ಲ ಈಗ ನಾನು ಹೇಳುತ್ತೇನೆ, ಅವಳು ಮಾಡುತ್ತಾಳೆ. ಮೊದಲು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಮಾಡಿಸಿಕೊಳ್ಳುವುದೂ ಅಲ್ಲದೆ ಇದು ಹೀಗೆ, ಅದು ಹಾಗೆ ಎನ್ನುವುದೇ ಎಂದು ಸಂಕೋಚ. ನಾನು ಹೇಳದೆ ಇದ್ದದ್ದರಿಂದ ಅವಳು ಇಷ್ಟು ದಿನ ಕತ್ತಲಲ್ಲಿ ತಡಕುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಒಮ್ಮೆ ಅವಳೇ ಹೇಳಿದಳು, ‘ನೀವು ಬಾಯ್ಬಿಟ್ಟು ಹೇಳಿದ್ರೆ ನಂಗೂ ಸಲೀಸು ಅತ್ತೆ. ನೀವು ಸುಮ್ನಿದ್ರೆ ಮಗುನ ತೊಳೆದಂಗೆ ತೊಳಿಬೇಕು. ನೀವು ಮಗುವಾ?’ ಟವಲು ಮುಚ್ಚಿದ ಕುರ್ಚಿಯನ್ನು ಅಟ್ಟಕ್ಕೆ ಹಾಕಿಸಿದ್ದೂ ಅವಳೇ. ಜ್ವರ ಬಂದಾಗ ಒಮ್ಮೆ ಕೆಳಗಿಳಿಸಿದೆವು. ಇಳಿಸಿ ಎಂದು ಹೇಳಿದವಳು ನಾನು. ಆಗ ಅದರ ಮೇಲೆ ಕೂರಲು ಅಷ್ಟು ಹೆದರಿಕೆಯಾಗಲಿಲ್ಲ.

ಒಂಟಿತನ ಹೋಯಿತೇ ಎಂದು ನೀವು ಕೇಳಬಹುದು. ಈ ಬರವಣಿಗೆಯಲ್ಲಿ ಸುಳ್ಳು ಬರೆಯುವುದಿಲ್ಲ. ವಾಕರ್ ನನ್ನನ್ನು ಬಚ್ಚಲಿಗೆ ಒಯ್ಯಿತು, ಅಡುಗೆಮನೆಗೆ ಒಯ್ಯಿತು, ಜಗಲಿಗೂ ಒಯ್ಯಿತು. ಅವರೆಕಾಯಿಯ ಕಾಲದಲ್ಲಿ ಜಗಲಿಯ ಮೇಲೆ ಹೆಂಗಸರೆಲ್ಲ ವೃತ್ತವಾಗಿ ಕೂತು ಕಾಯಿ ಸುಲಿಯುತ್ತಾರೆ. ಆ ವೃತ್ತದಲ್ಲೇ ನಮ್ಮ ಊರಿನ ಅರ್ಧ ಸಂಗತಿ ತೀರ್ಮಾನವಾಗುವುದು. ನಾನು ಟಕ್ ಟಕ್ ಎನ್ನುತ್ತ ಹೋದರೆ, ನನಗಿಂತ ಮೊದಲು ನನ್ನ ಸದ್ದು ತಲುಪಿ, ಮಾತು ನಿಲ್ಲುತ್ತದೆ. ‘ಬನ್ನಿ ಬನ್ನಿ’ ಎಂದು ಜಾಗ ಬಿಡುತ್ತಾರೆ, ಕುರ್ಚಿ ತಂದು ಹಾಕುತ್ತಾರೆ. ನಾನು ಕುರ್ಚಿಯ ಮೇಲೆ, ಅವರು ನೆಲದ ಮೇಲೆ. ನನ್ನ ಮಡಿಲಿಗೂ ಒಂದು ಮೊರ ಅವರೆಕಾಯಿ ಕೊಡುತ್ತಾರೆ. ಆದರೆ ನಮ್ಮ ಹೆಂಗಸರ ಮಾತು ನೆಲದ ಮಟ್ಟದಲ್ಲಿ, ಮಂಡಿಯಿಂದ ಮಂಡಿಗೆ, ತಗ್ಗಿದ ದನಿಯಲ್ಲಿ ಹರಿಯುವಂಥದ್ದು. ಕುರ್ಚಿಯ ಎತ್ತರಕ್ಕೆ ಅದು ಏರುವುದಿಲ್ಲ. ಮೇಲಿನಿಂದ ನನಗೆ ಎಲ್ಲರ ಬೈತಲೆ ಕಾಣುತ್ತದೆ, ನಗು ಕಾಣುತ್ತದೆ, ಯಾಕೆ ನಕ್ಕರು ಎಂದು ತಿಳಿಯುವುದಿಲ್ಲ. ಬಾಗಿ ಕೇಳೋಣವೆಂದರೆ ಸೊಂಟದ ರಾಡು ಬೇಡ ಎನ್ನುತ್ತದೆ. ಇದಕ್ಕೆ ಹಾಸನದಲ್ಲೂ ಯಾವ ಸಾಧನವೂ ಸಿಗುವುದಿಲ್ಲವೆಂದು ಕಾಣುತ್ತದೆ. ಪುಟ್ಟತಾಯಮ್ಮ ಮಾತ್ರ ಒಮ್ಮೊಮ್ಮೆ ಎದ್ದು ಬಂದು, ನನ್ನ ಕಿವಿಯ ಹತ್ತಿರ ನಕ್ಕ ಕಾರಣ ಹೇಳಿ ಹೋಗುತ್ತಾಳೆ. ಅಷ್ಟು ಹೊತ್ತಿಗೆ ಕೆಳಗಿನವರು ಬೇರೆ ಮಾತಿಗೆ ಹೋಗಿರುತ್ತಾರೆ, ನಾನು ಒಬ್ಬಳೇ ತಡವಾಗಿ ನಗುತ್ತೇನೆ.

ಮರುವರ್ಷದ ಆಯುಧಪೂಜೆಗೆ ನಿಮ್ಮಪ್ಪ ಹಿಂದಿನ ದಿನವೇ ಬಂದ. ಬಾಗಿಲಲ್ಲಿ ನಿಂತು ಕೆಮ್ಮಿದ. ‘ಅವ್ವ, ನಾಳೆ ಪೂಜೆಗೆ ಇದನ್ನ ಕೊಡ್ತೀಯಾ? ಬ್ಯಾಡಾಂದ್ರೆ ಬ್ಯಾಡ.’

‘ಕೊಡಲ್ಲ. ನಾನೇ ತತ್ತೀನಿ’ ಎಂದೆ.

ಆ ಬೆಳಿಗ್ಗೆ ಹೊಸ್ತಿಲ ಮೇಲೆ ಒಂದು ಮೂಲೆಯಲ್ಲಿ ರಂಗೋಲಿ ಬಿಡಿಸದೆ ದಾರಿ ಬಿಟ್ಟಿದ್ದರು. ಇಬ್ಬರು ಹಿಡಿದುಕೊಂಡು ದಾಟಿಸಿದರು. ಎಲ್ಲಿ ಹಿಡಿಯಬೇಕೆಂದು ನಾನು ಹೇಳಿದೆ. ಅಂಗಳಕ್ಕೆ ಇಳಿದು, ಪಂಪಿಗೂ ಗುದ್ದಲಿಗೂ ನಡುವೆ, ವಾಕರಿನ ಒಳಗೇ ನಿಂತೆ. ಸುಮಾ, ನೀನು ಹಿಡಿಗಳಿಗೆ ಹೂವು ಸುತ್ತಿದೆ. ನಿಮ್ಮಪ್ಪ ಒಂದೊಂದೇ ಆಯುಧಕ್ಕೆ ಆರತಿ ಬೆಳಗುತ್ತ ನನ್ನ ಹತ್ತಿರ ಬಂದು ತಡೆದ. ವಾಕರಿಗೆ ಎತ್ತಿದರೆ ನನಗೂ ಎತ್ತಿದಂತಾಗುತ್ತದೆ. ಗಂಡ ಹೋದವಳನ್ನು ಯಾರಾದರೂ ಆರತಿಗೆ ನಿಲ್ಲಿಸುತ್ತಾರೆಯೇ ಎಂದು ಅವನಿಗೆ ಗಲಿಬಿಲಿ. ನಾನು ಹಿಂದೆ ಸರಿಯಬಹುದಿತ್ತು, ಆದರೆ ಹಿಂದೆ ಸರಿಯಲು ನನಗೆ ಬಹಳ ಹೊತ್ತು ಬೇಕು. ನಿಮ್ಮಮ್ಮ ಹಿಂದಿನಿಂದ, ‘ಬೆಳಗ್ರೀ, ಏನ್ ನಿಂತ್ಬುಟ್ರಿ? ಕರ್ಪೂರ ಆರೋಗ್ತೈತೆ’ ಎಂದಳು. ಅವನು ಬೆಳಗಿದ. ಕರ್ಪೂರದ ಬಿಸಿ ಮುಖಕ್ಕೆ ತಾಗಿತು.

ಕೈಸಾಮಾನಿಗೆ ವಿಶ್ರಾಂತಿಯಾದರೂ ಗಾಡಿಯನ್ನು ಅವತ್ತೇ ಒಂದು ಸುತ್ತು ಓಡಿಸುವುದು ಪದ್ಧತಿ. ಪೂಜೆಯಾದ ಮೇಲೆ ನಿಂಬೆಹಣ್ಣಿನ ಮೇಲೆ ಟಿಲ್ಲರ್ ಹತ್ತಿಸಿ, ಟ್ರೈಲರಿಗೆ ಎಲ್ಲರೂ ತುಂಬಿಕೊಂಡು, ಊರಿನ ಒಂದು ಸುತ್ತು ಹೊರಟಿರಿ. ಪುಟ್ಟತಾಯಮ್ಮನೂ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ನನ್ನನ್ನು ಹತ್ತಿಸುವುದು ಆಗದ ಮಾತು. ಅದನ್ನು ಯಾರೂ ಬಾಯಿಬಿಟ್ಟು ಹೇಳದಿದ್ದದ್ದು ಒಳ್ಳೆಯದಾಯಿತು. ಗೇಟು ದಾಟುವಾಗ ನಿಮ್ಮಮ್ಮ ತಿರುಗಿ ಕೂಗಿದಳು, ‘ಅತ್ತೆ, ಬಚ್ಚಲಿಗೆ ಏನಾರ ಹೋಗ್ಬೇಕಾ? ಇಳಿಲಾ?’

ಎಲ್ಲರ ಎದುರಿಗೆ ಕೇಳಿದಳು. ನನಗೂ ನಾಚಿಕೆಯಾಗಲಿಲ್ಲ. ‘ನೀ ಹೋಗವ್ವ. ನಂಗ್ ಬೇಕಾದಾಗ ನಾ ಹೋಯ್ತೀನಿ’ ಎಂದು ನಾನೂ ಕೂಗಿ ಹೇಳಿದೆ. ಅಂಗಳದಿಂದ ಹಿತ್ತಲಿಗೆ ಮನೆಯ ಪಕ್ಕದಲ್ಲೇ ದಾರಿಯಿದೆ, ಹೊಸ್ತಿಲಿನ ಹಂಗಿಲ್ಲ.

ಟಿಲ್ಲರಿನ ಸದ್ದು ತಿರುವು ದಾಟಿ, ಗದ್ದೆಯ ಆಚೆಗೆ ಹೋಗಿ, ಆಮೇಲೆ ಕೇಳದಾಯಿತು. ಅಂಗಳದಲ್ಲಿ ನಾನು, ನನ್ನ ಪಕ್ಕದಲ್ಲಿ ಹೂವು ಮುಡಿದು ಒಂದು ದಿನದ ವಿಶ್ರಾಂತಿಗೆ ನಿಂತ ಗುದ್ದಲಿ ಹಾರೆಗಳು. ಮನೆಯೊಳಗೆ ಯಾರೂ ಇಲ್ಲ. ಕೂತುಕೋ ಎನ್ನುವವರಿಲ್ಲ, ಏಳಬೇಡ ಎನ್ನುವವರಿಲ್ಲ, ಎಲ್ಲಿಗೆ ಹೊರಟೆ ಎಂದು ಕೇಳುವವರೂ ಇಲ್ಲ. ಬಿಸಿಲು ಹಿತವಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ವಾಕರ್ ಎತ್ತಿ ಮುಂದಿಟ್ಟೆ, ಹೊರಟೆ.